ಎಕ್ಸೆಪ್ಷನ್ ಸಾಬೀತು ಮಾಡುವುದೇನನ್ನು?

ಗೋವಾದ ಮಾಪುಸಾದಲ್ಲಿ ಶುಕ್ರವಾರ ಸಂತೆ. ಸುತ್ತಲ ಹಳ್ಳಿಗಳಿಂದ ಒಣಮೀನು, ಮಣ್ಣಿನ ಮಡಕೆ, ಕೋಕಂ, ಮನೆಯಲ್ಲೇ ಮಾಡಿದ ಚೊರೀಸು ಬರುತ್ತವೆ. ಘಟ್ಟ ಇಳಿದು ಬೆಳಗಾವಿ ಕಡೆಯ ತರಕಾರಿ ಬರುತ್ತದೆ. ಆ ಸಂತೆಯ ಅಂಚಿನಲ್ಲಿರುವ ಬಟ್ಟೆ ಅಂಗಡಿಯೊಂದರ ಬಾಗಿಲಿಗೆ ಒಂದು ಸಣ್ಣ ಬೋರ್ಡು ತೂಗುಹಾಕಿದ್ದಾರೆ ಎಂದುಕೊಳ್ಳಿ: ‘ಶುಕ್ರವಾರ ಮಧ್ಯಾಹ್ನವೂ ಅಂಗಡಿ ತೆರೆದಿರುತ್ತದೆ’.

ನೀವು ಗೋವಾಕ್ಕೆ ಹೊಸಬರು. ಆ ಊರಿನ ರೂಢಿ ನಿಮಗೆ ಗೊತ್ತಿಲ್ಲ. ಆದರೂ ಬೋರ್ಡು ಓದಿದ ಕೂಡಲೇ ಒಂದು ವಿಷಯ ತಿಳಿದುಹೋಗುತ್ತದೆ: ಉಳಿದ ದಿನ ಮಧ್ಯಾಹ್ನ ಈ ಅಂಗಡಿ ಮುಚ್ಚಿರುತ್ತದೆ. ಹಾಗೆಂದು ಬೋರ್ಡಿನಲ್ಲಿ ಎಲ್ಲಿಯೂ ಬರೆದಿಲ್ಲ. ಒಂದರ ಹೊತ್ತಿಗೆ ಶಟರ್ ಎಳೆದು, ಊಟ ಮಾಡಿ, ಒಂದು ನಿದ್ದೆ ತೆಗೆದು, ಮೂರೂವರೆ ನಾಲ್ಕಕ್ಕೆ ಮತ್ತೆ ಬಾಗಿಲು ತೆರೆಯುವ ಗೋವಾದ ಪದ್ಧತಿಯನ್ನು ಯಾರೂ ನಿಮಗೆ ಹೇಳಿಕೊಟ್ಟಿಲ್ಲ. ಶುಕ್ರವಾರವನ್ನು ಪ್ರತ್ಯೇಕವಾಗಿ ಹೆಸರಿಸಿದ್ದೇ ಉಳಿದ ಆರು ದಿನಗಳ ಕತೆಯನ್ನು ಹೇಳಿತು.

‘ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್’ ಎಂಬ ಇಂಗ್ಲಿಷ್ ಮಾತು ಕೆಲಸ ಮಾಡುವುದು ಹೀಗೆ. ಕನ್ನಡದಲ್ಲಿ ಮಾತಾಡುತ್ತಲೇ ನಾವು ಅದನ್ನು ಇಂಗ್ಲಿಷಿನಲ್ಲಿ ಎಸೆಯುತ್ತೇವೆ, ‘ಅಪವಾದವೇ ನಿಯಮವನ್ನು ಸಾಬೀತು ಮಾಡುತ್ತದೆ’ ಎಂದು ಅನುವಾದಿಸಿಯೂ ಬರೆಯುತ್ತೇವೆ. ಆದರೆ ಹತ್ತರಲ್ಲಿ ಎಂಟು ಸಲ ತಪ್ಪು ಜಾಗದಲ್ಲಿ ಬಳಸುತ್ತೇವೆ ಎಂದು ನನಗೆ ಅನಿಸಿದೆ. ಆ ತಪ್ಪು ಬರೀ ಭಾಷೆಯದಾಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ.

ತಪ್ಪು ಬಳಕೆ ನಡೆಯುವುದು ಹೀಗೆ. ‘ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಮಾತ್ರ ಮುಂದೆ ಬರುತ್ತಾರೆ’ ಎಂದು ಒಬ್ಬರು ಹೇಳುತ್ತಾರೆ. ‘ಹಾಗೇನಿಲ್ಲ, ನಮ್ಮೂರ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವರೊಬ್ಬರು ಈಗ ದೊಡ್ಡ ಡಾಕ್ಟರು’ ಎಂದು ನೀವು ತೋರಿಸುತ್ತೀರಿ. ಅವರು ನಕ್ಕು, ‘ಅದೇ, ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್’ ಅನ್ನುತ್ತಾರೆ. ವಾದ ಅಲ್ಲಿಗೆ ಮುಗಿಯಿತು. ನೀವು ಎರಡು ಉದಾಹರಣೆ ಕೊಟ್ಟರೆ ಎರಡು ಸಲ ಸಾಬೀತಾಯಿತು, ಇಪ್ಪತ್ತು ಕೊಟ್ಟರೆ ಇಪ್ಪತ್ತು ಸಲ. ಎದುರು ಸಾಕ್ಷ್ಯ ಹೆಚ್ಚಿದಷ್ಟೂ ಗಟ್ಟಿಯಾಗುವ ವಾದ ಎಂಬುದು ಲೋಕದಲ್ಲಿ ಇರಲು ಸಾಧ್ಯವಿಲ್ಲ. ಡಾಕ್ಟರು ಆ ಹೇಳಿಕೆಯನ್ನು ಸಾಬೀತು ಮಾಡಲಿಲ್ಲ, ಅದರಲ್ಲಿ ತೂತು ಮಾಡಿದರು.

ಹಾಗಾದರೆ ಬಟ್ಟೆ ಅಂಗಡಿಯ ಬೋರ್ಡಿಗೂ ಈ ವಾದಕ್ಕೂ ಏನು ವ್ಯತ್ಯಾಸ? ಅಂಗಡಿಯ ಸಮಯವನ್ನು ಒಬ್ಬರು ನಿಗದಿ ಮಾಡಿದ್ದಾರೆ. ಅವರೇ ಅದರಿಂದ ಶುಕ್ರವಾರವನ್ನು ಬೇರೆ ಮಾಡಿದ್ದಾರೆ. ನಿಯಮವೂ ಅವರದೇ, ವಿನಾಯಿತಿಯೂ ಅವರದೇ, ಹಾಗಾಗಿ ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಹುದು. ‘ಇಂಗ್ಲಿಷ್ ಮೀಡಿಯಂನವರು ಮಾತ್ರ ಮುಂದೆ ಬರುತ್ತಾರೆ’ ಎಂಬುದು ಯಾರೂ ಮಾಡಿದ ನಿಯಮವಲ್ಲ, ಅದು ಲೋಕದ ಬಗ್ಗೆ ಒಬ್ಬರ ಅಂದಾಜು. ಇಂಗ್ಲಿಷಿನ ‘ರೂಲ್’ ಎಂಬ ಒಂದೇ ಪದ ಎರಡಕ್ಕೂ ನಡೆಯುತ್ತದೆ, ಕನ್ನಡದ ‘ನಿಯಮ’ವೂ ಹಾಗೆಯೇ. ಗೊಂದಲದ ಬೇರು ಇಲ್ಲಿದೆ.

ಈ ಮಾತು ಹುಟ್ಟಿದ್ದು ನ್ಯಾಯಾಲಯದಲ್ಲಿ. ಕ್ರಿ.ಪೂ. 56ರಲ್ಲಿ ರೋಮಿನಲ್ಲಿ ಬಾಲ್ಬಸ್ ಎಂಬಾತನ ಮೇಲೆ ಮೊಕದ್ದಮೆ ನಡೆಯಿತು. ಈತ ಈಗಿನ ಸ್ಪೇನಿನ ಕಾದಿಜ್ ಊರಿನವನು. ಸೇನಾನಿ ಪಾಂಪೆ ಇವನಿಗೆ ರೋಮನ್ ಪೌರತ್ವ ಕೊಟ್ಟಿದ್ದ. ಅದು ಅಕ್ರಮ ಎಂಬುದು ಆರೋಪ. ಇವನ ಪರವಾಗಿ ವಾದಕ್ಕೆ ನಿಂತವನು ರೋಮಿನ ಹೆಸರಾಂತ ವಾಗ್ಮಿ ಸಿಸೆರೊ. ರೋಮ್ ಕೆಲವು ಜನಾಂಗಗಳೊಂದಿಗೆ ಮಾಡಿಕೊಂಡ ಒಪ್ಪಂದಗಳಲ್ಲಿ ‘ಇವರಲ್ಲಿ ಯಾರನ್ನೂ ರೋಮ್ ತನ್ನ ಪೌರನಾಗಿ ಮಾಡಿಕೊಳ್ಳಬಾರದು’ ಎಂಬ ಷರತ್ತು ಇತ್ತು. ಕಾದಿಜ್‌ನ ಒಪ್ಪಂದದಲ್ಲಿ ಅದು ಇರಲಿಲ್ಲ. ಸಿಸೆರೊ ಹಿಡಿದ ಎಳೆ ಅದೇ: ಅಲ್ಲಿ ಬೇಡವೆಂದು ಬರೆದಿದ್ದರಿಂದಲೇ ಅಲ್ಲಿ ಕೂಡದು ಎಂದಾಗುವುದಾದರೆ, ಹಾಗೆ ಬರೆಯದ ಕಡೆ ಕೂಡುತ್ತದೆ ಎಂದೇ ಅರ್ಥವಾಗಬೇಕು. ಬಾಲ್ಬಸ್ ಗೆದ್ದ. ಮುಂದೆ ಇದೇ ತರ್ಕ ಲ್ಯಾಟಿನ್ ಸೂತ್ರವಾಗಿ 17ನೇ ಶತಮಾನದ ಇಂಗ್ಲೆಂಡಿನ ಕಾನೂನಿನವರ ಬಾಯಲ್ಲಿ ಓಡಾಡಿತು. ಆ ಸೂತ್ರಕ್ಕೆ ಒಂದು ಬಾಲವಿತ್ತು: ಅಪವಾದ ಸಾಬೀತು ಮಾಡುವುದು ‘ಹೊರಗಿಡದ ಸಂಗತಿಗಳಲ್ಲಿ’ ನಿಯಮವನ್ನು. ಜನರ ಬಾಯಿಗೆ ಬರುವಾಗ ಬಾಲ ಕತ್ತರಿಸಿಹೋಯಿತು, ಅದರ ಜೊತೆ ಅರ್ಥವೂ ಹೋಯಿತು.

ರೋಮಿನ ಈ ಪೌರತ್ವದ ವಾದಕ್ಕೆ ನಮ್ಮ ಪಕ್ಕದಲ್ಲೇ ಒಂದು ಜೋಡಿ ಇದೆ. 1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸರ ಕೈತಪ್ಪಿತು. ಅಲ್ಲಿನ ಜನ ರಾತ್ರಿ ಬೆಳಗಾಗುವುದರಲ್ಲಿ ಯಾವ ದೇಶದವರಾದರು? ಭಾರತ ಸರ್ಕಾರ 1962ರ ಮಾರ್ಚ್‌ನಲ್ಲಿ ಪೌರತ್ವ ಆದೇಶ ಹೊರಡಿಸಿತು. 1961ರ ಡಿಸೆಂಬರ್ 20ಕ್ಕೆ ಮೊದಲು ಗೋವಾ, ದಮನ್, ದೀವ್‌ನಲ್ಲಿ ಹುಟ್ಟಿದವರು, ಅಥವಾ ತಂದೆತಾಯಿ, ಅಜ್ಜ ಅಜ್ಜಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿದ್ದವರು, ಆ ದಿನದಿಂದ ಭಾರತದ ಪ್ರಜೆಗಳು ಎಂದಿತು. ಅದರ ಬೆನ್ನಿಗೇ ಒಂದು ವಿನಾಯಿತಿ: ಆದೇಶ ಪ್ರಕಟವಾದ ಒಂದು ತಿಂಗಳೊಳಗೆ, ಹಿಂದಿನ ಪೌರತ್ವವನ್ನೇ ಉಳಿಸಿಕೊಳ್ಳುತ್ತೇನೆ ಎಂದು ಬರೆದುಕೊಟ್ಟವರಿಗೆ ಇದು ಅನ್ವಯಿಸದು.

ಈ ವಿನಾಯಿತಿಯನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ನಿಮ್ಮ ಕೈಗೆ ಕೊಟ್ಟರು ಎಂದುಕೊಳ್ಳಿ. ಮೂಲ ನಿಯಮ ನೋಡದೆಯೇ ನೀವು ಹೇಳಬಲ್ಲಿರಿ: ಏನನ್ನೂ ಬರೆದುಕೊಡದೆ ಸುಮ್ಮನಿದ್ದವರು ಭಾರತೀಯರಾದರು. ಹೊಲದಲ್ಲಿದ್ದ ಕುಣಬಿ, ಮಾಂಡವಿಯಲ್ಲಿ ಬಲೆ ಬೀಸುತ್ತಿದ್ದ ಖಾರ್ವಿ, ಪಣಜಿಯ ಗುಮಾಸ್ತ, ಯಾರೂ ಅರ್ಜಿ ಹಾಕಬೇಕಾಗಿರಲಿಲ್ಲ. ಬರೆದುಕೊಟ್ಟವರ ಪರಿಸ್ಥಿತಿ ಏನಾಯಿತು ಎಂಬುದಕ್ಕೆ 1969ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಗೋವಾದಲ್ಲಿ ನೆಲೆಸಿದ್ದ ಪಾದ್ರಿ ಮೊಂತೈರೊ ಪೋರ್ಚುಗೀಸ್ ಪೌರತ್ವವನ್ನೇ ಆರಿಸಿಕೊಂಡಿದ್ದರು. ಇಲ್ಲಿರಲು ಪಡೆದಿದ್ದ ಪರವಾನಗಿ 1964ರಲ್ಲಿ ಮುಗಿದರೂ ನವೀಕರಿಸಲಿಲ್ಲ. ವಿದೇಶಿಯರ ಕಾಯ್ದೆಯಡಿ ಮೊಕದ್ದಮೆ ಹೂಡಲಾಯಿತು. ಗೋವಾ ಆಕ್ರಮಿತ ಪ್ರದೇಶ, ತನಗೆ ಜಿನೀವಾ ಒಪ್ಪಂದದ ರಕ್ಷಣೆ ಇದೆ ಎಂಬ ಅವರ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಸುತ್ತಲಿನವರೆಲ್ಲ ಸುಮ್ಮನಿದ್ದು ಪ್ರಜೆಗಳಾದ ಊರಲ್ಲಿ ಅವರು ಒಂದು ಸಹಿಯಿಂದ ವಿದೇಶಿಯಾದರು.

ಈ ತರ್ಕವನ್ನು ನಾವು ರೋಮಿನಿಂದ ಕಲಿಯಬೇಕಾಗಿಲ್ಲ. ಪತಂಜಲಿಯ ಸಂಸ್ಕೃತ ವ್ಯಾಕರಣ ಗ್ರಂಥ ಮಹಾಭಾಷ್ಯ ಶುರುವಾಗುವುದೇ ಇದರ ಹತ್ತಿರದಲ್ಲಿ. ಸರಿಯಾದ ಪದಗಳನ್ನು ಹೇಳಿಕೊಟ್ಟರೆ ಸಾಕೇ, ತಪ್ಪು ಪದಗಳನ್ನೂ ಹೇಳಬೇಕೇ ಎಂಬ ಪ್ರಶ್ನೆ ಬರುತ್ತದೆ. ಒಂದನ್ನು ಹೇಳಿದರೆ ಇನ್ನೊಂದು ತಾನೇ ತಿಳಿಯುತ್ತದೆ ಎನ್ನಲು ಆತ ಕೊಡುವ ಉದಾಹರಣೆ ಅಡುಗೆಮನೆಯದು. ಐದು ಉಗುರಿನ ಪ್ರಾಣಿಗಳಲ್ಲಿ ಇಂಥ ಐದನ್ನು ತಿನ್ನಬಹುದು ಎಂದರೆ ಉಳಿದವನ್ನು ತಿನ್ನಬಾರದು ಎಂದು ಗೊತ್ತಾಗುತ್ತದೆ. ಊರಕೋಳಿ ತಿನ್ನಬಾರದು ಎಂದರೆ ಕಾಡುಕೋಳಿ ತಿನ್ನಬಹುದು ಎಂದು ಗೊತ್ತಾಗುತ್ತದೆ. ಮೊದಲನೆಯದನ್ನು ವೇದವಾಕ್ಯಗಳ ಅರ್ಥ ಬಿಡಿಸುವ ಮೀಮಾಂಸಕರು ‘ಪರಿಸಂಖ್ಯೆ’ ಎಂದು ಕರೆದರು. ರಾಮಾಯಣದಲ್ಲಿ ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುವುದೂ ಇದರ ಆಧಾರದ ಮೇಲೆಯೇ: ತಿನ್ನಬಹುದಾದ ಐದರಲ್ಲಿ ಮುಳ್ಳುಹಂದಿ, ಉಡ, ಮೊಲ, ಆಮೆ ಇವೆ, ಕಪಿ ಇಲ್ಲ, ಮತ್ತೆ ನನ್ನನ್ನೇಕೆ ಕೊಂದೆ? ಸಾಯುವ ಹೊತ್ತಿನಲ್ಲೂ ಅಷ್ಟು ಖಚಿತವಾದ ತರ್ಕ.

ಇನ್ನೂ ಹತ್ತಿರದ್ದು ಬೇಕೆಂದರೆ ಹೈಸ್ಕೂಲಿನ ಕನ್ನಡ ವ್ಯಾಕರಣದ ಪುಸ್ತಕ ತೆಗೆಯಿರಿ. ಸಂಧಿಯ ಪಾಠದ ಕೊನೆಯಲ್ಲಿ ‘ಪ್ರಕೃತಿಭಾವ’ ಇದೆ. ‘ಅಬ್ಬಾ ಅದು’, ‘ಅಕ್ಕಾ ಇತ್ತ ಬಾ’ ಇಂಥ ಕಡೆ ಸ್ವರದ ಮುಂದೆ ಸ್ವರ ಬಂದರೂ ಸಂಧಿಯಾಗುವುದಿಲ್ಲ. ಇದಕ್ಕೊಂದು ಹೆಸರು ಕೊಟ್ಟು ಬೇರೆ ಇಟ್ಟಿದ್ದಾರೆ ಎಂದರೆ, ಉಳಿದ ಕಡೆ ಸ್ವರಕ್ಕೆ ಸ್ವರ ಸೇರಿದರೆ ಸಂಧಿಯಾಗುವುದೇ ವಾಡಿಕೆ ಎಂದಾಯಿತು. ನಿಯಮಕ್ಕೆ ‘ಉತ್ಸರ್ಗ’, ಅದಕ್ಕೆ ಹೊರತಾದುದಕ್ಕೆ ‘ಅಪವಾದ’ ಎಂಬ ಜೋಡಿ ಪದಗಳು ವ್ಯಾಕರಣದವರಲ್ಲಿ ತುಂಬ ಹಳೆಯವು. ಎರಡೂ ಎದುರಾದಾಗ ಅಪವಾದವೇ ಗೆಲ್ಲುತ್ತದೆ ಎಂಬ ಕಟ್ಟಳೆಯೂ ಅಷ್ಟೇ ಹಳೆಯದು.

ನಡುವೆ ಒಂದು ತಪ್ಪು ವಿವರಣೆಯನ್ನು ಬದಿಗಿಡಬೇಕು. ಇಂಗ್ಲಿಷಿನ ‘ಪ್ರೂವ್’ಗೆ ಹಿಂದೆ ‘ಪರೀಕ್ಷಿಸು’ ಎಂಬ ಅರ್ಥವಿತ್ತು, ಹಾಗಾಗಿ ಈ ಮಾತಿನ ನಿಜವಾದ ಅರ್ಥ ‘ಅಪವಾದ ನಿಯಮವನ್ನು ಪರೀಕ್ಷೆಗೆ ಒಡ್ಡುತ್ತದೆ’ ಎಂದು ಎಷ್ಟೋ ಮೇಷ್ಟರು ಹೇಳಿಕೊಡುತ್ತಾರೆ. ಕೇಳಲು ಚೆನ್ನಾಗಿದೆ. ವಿಜ್ಞಾನದಲ್ಲಿ ನಡೆಯುವುದೂ ಅದೇ. ಆದರೆ ಈ ಮಾತಿನ ಹುಟ್ಟು ಅದಲ್ಲ. ‘ಹೊರಗಿಡದ ಸಂಗತಿಗಳಲ್ಲಿ’ ಎಂಬ ಬಾಲವನ್ನು ಸೇರಿಸಿ ಓದಿದರೆ ‘ಪರೀಕ್ಷೆ’ ಎಂಬ ಅರ್ಥ ಕೂರುವುದೇ ಇಲ್ಲ.

ಇನ್ನೊಂದು ಸಡಿಲ ಬಳಕೆ ಇದೆ, ಅದನ್ನು ಪೂರ್ತಿ ತಪ್ಪೆನ್ನಲಾರೆ. 1973ರಲ್ಲಿ ಶಶಿಕಲಾ ಕಾಕೋಡಕರ್ ಗೋವಾದ ಮುಖ್ಯಮಂತ್ರಿಯಾದರು. ಅವರ ಬಗ್ಗೆ ಬರೆಯುವವರೆಲ್ಲ ‘ಗೋವಾದ ಮಹಿಳಾ ಮುಖ್ಯಮಂತ್ರಿ’ ಎಂದು ಎತ್ತಿ ಹೇಳುತ್ತಾರೆ. ಯಾರನ್ನೂ ‘ಗೋವಾದ ಪುರುಷ ಮುಖ್ಯಮಂತ್ರಿ’ ಎಂದು ಬರೆಯುವುದಿಲ್ಲ. ಹಾಗೆ ಎತ್ತಿ ಹೇಳಬೇಕಾಗಿ ಬಂದದ್ದೇ, ಆ ಕುರ್ಚಿಯಲ್ಲಿ ಹೆಣ್ಣು ಕೂರುವುದು ಅಪರೂಪ ಎಂಬುದನ್ನು ತಿಳಿಸುತ್ತದೆ. ಆದರೆ ತಿಳಿಸುವುದು ಅಷ್ಟನ್ನೇ. ಹೆಣ್ಣಿಗೆ ಅದು ಆಗದ ಕೆಲಸ ಎಂದು ತಿಳಿಸುವುದಿಲ್ಲ, ಅದಕ್ಕೆ ವಿರುದ್ಧವಾದುದನ್ನೇ ತೋರಿಸುತ್ತದೆ.

ಈಗ ಗೋವಾದ ಅತಿ ದೊಡ್ಡ ಉದಾಹರಣೆಗೆ ಬರೋಣ. ಏಕರೂಪ ನಾಗರಿಕ ಸಂಹಿತೆಯ ಚರ್ಚೆ ಎದ್ದಾಗಲೆಲ್ಲ ಗೋವಾದ ಹೆಸರು ಬರುತ್ತದೆ. ಪೋರ್ಚುಗಲ್‌ನ 1867ರ ನಾಗರಿಕ ಸಂಹಿತೆ 1870ರಲ್ಲಿ ಗೋವಾದಲ್ಲಿ ಜಾರಿಗೆ ಬಂತು. ಗೋವಾ ಭಾರತಕ್ಕೆ ಸೇರಿದ ಮೇಲೆ, 1962ರ ಭಾರತದ ಕಾಯ್ದೆಯೊಂದು ಹಳೆಯ ಕಾನೂನುಗಳನ್ನು ಬದಲಿಸುವ ತನಕ ಮುಂದುವರಿಸಿತು. ಪೋರ್ಚುಗಲ್ ತನ್ನ ಸಂಹಿತೆಯನ್ನು 1960ರ ದಶಕದಲ್ಲೇ ಹೊಸದಾಗಿ ಬರೆದುಕೊಂಡಿತು, ಗೋವಾದಲ್ಲಿ ಹಳೆಯದರ ಕುಟುಂಬ ಕಾನೂನು ಉಳಿಯಿತು. ಮದುವೆ ನೋಂದಣಿ ಎಲ್ಲರಿಗೂ ಕಡ್ಡಾಯ. ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಗೆ ಆಸ್ತಿಯಲ್ಲಿ ಸಮಪಾಲು. ಮಗ ಮಗಳು ಎಂಬ ಭೇದವಿಲ್ಲದೆ ಆಸ್ತಿಯ ಅರ್ಧ ಭಾಗ ಕಡ್ಡಾಯ ವಾರಸುದಾರರಿಗೆ ಮೀಸಲು, ಅದನ್ನು ಉಯಿಲಿನಿಂದ ತಪ್ಪಿಸಲಾಗದು.

ಇದಕ್ಕೊಂದು ವಿನಾಯಿತಿಯೂ ಇದೆ. 1880ರ ಡಿಸೆಂಬರ್‌ನಲ್ಲಿ ಪೋರ್ಚುಗೀಸರು ಗೋವಾದ ಹಿಂದೂಗಳ ರೂಢಿಗಳ ಬಗ್ಗೆ ಒಂದು ಆಜ್ಞೆ ಹೊರಡಿಸಿದರು. ಅದರ ಪ್ರಕಾರ ಹೆಂಡತಿಗೆ 25 ವರ್ಷವಾದರೂ ಮಕ್ಕಳಾಗದಿದ್ದರೆ, ಅಥವಾ 30 ತುಂಬಿದರೂ ಗಂಡು ಮಗುವಾಗದಿದ್ದರೆ, ಹಿಂದೂ ಗಂಡಸು ಆಕೆ ಇರುವಾಗಲೇ ಇನ್ನೊಂದು ಮದುವೆಯಾಗಬಹುದಿತ್ತು. ಮಕ್ಕಳಾಗದ ಹೊರೆಯನ್ನೆಲ್ಲ ಹೆಣ್ಣಿನ ವಯಸ್ಸಿನ ಮೇಲೆ ಹೇರಿದ ಆ ಸಾಲುಗಳನ್ನು ಓದುವಾಗ ಸಂಕಟವಾಗುತ್ತದೆ.

ಈ ವಿನಾಯಿತಿ ಏನನ್ನು ಸಾಬೀತು ಮಾಡುತ್ತದೆ, ಏನನ್ನು ಮಾಡುವುದಿಲ್ಲ? ಇಷ್ಟು ಷರತ್ತು ಹಾಕಿ ಎರಡನೇ ಮದುವೆಗೆ ದಾರಿ ಬಿಟ್ಟಿದ್ದಾರೆ ಎಂದರೆ, ಷರತ್ತಿನ ಆಚೆ ದಾರಿ ಇಲ್ಲ ಎಂದರ್ಥ. ಏಕಪತ್ನಿತ್ವವೇ ಅಲ್ಲಿನ ನಿಯಮ ಎಂಬುದು ಇದರಿಂದ ಸಾಬೀತಾಗುತ್ತದೆ. ಗೋವಾದಲ್ಲಿ ಮದುವೆ ನೋಂದಾಯಿಸಿದ ಮುಸ್ಲಿಂ ಗಂಡಸಿಗೂ ಬಹುಪತ್ನಿತ್ವವಿಲ್ಲ. ಇಲ್ಲಿಯವರೆಗೆ ಇಂಗ್ಲಿಷ್ ಮಾತು ಸರಿಯಾಗಿ ಕೆಲಸ ಮಾಡಿತು. ಆದರೆ ‘ಗೋವಾದಲ್ಲಿ ಎಲ್ಲರಿಗೂ ಒಂದೇ ಕಾನೂನು’ ಎಂದವರಿಗೆ ಈ 1880ರ ಆಜ್ಞೆ ತೋರಿಸಿದಾಗ, ಅವರು ‘ಎಕ್ಸೆಪ್ಷನ್ ಪ್ರೂವ್ಸ್ ದ ರೂಲ್’ ಎಂದರೆ ಅದು ನಿಲ್ಲುವುದಿಲ್ಲ. ‘ಎಲ್ಲರಿಗೂ ಒಂದೇ’ ಎಂಬುದು ಕಾನೂನಿನ ಒಂದು ಕಲಮಲ್ಲ, ಕಾನೂನಿನ ಬಗ್ಗೆ ನಾವು ಆಡುವ ಮಾತು. ಯಾರಿಗೂ ಹೊರತು ಇಲ್ಲ ಎನ್ನುವುದೇ ಆ ಮಾತಿನ ಸಾರ. ಒಂದು ಹೊರತು ಸಿಕ್ಕರೆ ಮಾತನ್ನು ತಿದ್ದಿಕೊಳ್ಳಬೇಕು. ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರಿನಲ್ಲಿ ಗೋವಾವನ್ನು ಹೊಗಳುವಾಗ ಹಾಗೆಯೇ ಮಾಡಿತು: ಧರ್ಮಭೇದವಿಲ್ಲದೆ ಎಲ್ಲರಿಗೂ ಅನ್ವಯಿಸುವ ಸಂಹಿತೆ ಇರುವ ರಾಜ್ಯ ಎನ್ನುತ್ತಲೇ, ಕೆಲವು ಸೀಮಿತ ಹಕ್ಕುಗಳನ್ನು ಕಾಯ್ದದ್ದು ಬಿಟ್ಟು ಎಂಬ ಮಾತನ್ನೂ ಅದೇ ವಾಕ್ಯದಲ್ಲಿ ಸೇರಿಸಿತು. ಎಚ್ಚರದಿಂದ ಬರೆಯುವವರ ಕ್ರಮ ಅದು. ಸಂಹಿತೆಯ ಪರವಾಗಿರಲಿ ವಿರುದ್ಧವಾಗಿರಲಿ, ಚರ್ಚೆ ಮಾಡುವವರು ಆ ‘ಬಿಟ್ಟು’ ಎಂಬುದನ್ನು ಬಿಡಬಾರದು.

ಹೆಸರಿಸಿದ್ದರಿಂದ ಹೆಸರಿಸದ್ದು ಹೊರಗುಳಿಯುವ ನೋವನ್ನೂ ಗೋವಾ ಕಂಡಿದೆ. 1987ರ ರಾಜಭಾಷಾ ಕಾಯ್ದೆ ಕೊಂಕಣಿಯನ್ನು ಆಡಳಿತ ಭಾಷೆ ಮಾಡಿತು, ಮರಾಠಿಯ ಬಳಕೆಗೂ ಅವಕಾಶ ಕೊಟ್ಟಿತು. ಕೊಂಕಣಿ ಎಂದರೆ ದೇವನಾಗರಿ ಲಿಪಿಯ ಕೊಂಕಣಿ ಎಂದು ಅದರ ವ್ಯಾಖ್ಯೆ. ರೋಮನ್ ಲಿಪಿ ಬೇಡ ಎಂದು ಎಲ್ಲಿಯೂ ಬರೆದಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ತಲೆಮಾರುಗಳಿಂದ ಪ್ರಾರ್ಥನೆ, ಹಾಡು, ತಿಯಾತ್ರ್ ಎಂಬ ಕೊಂಕಣಿ ನಾಟಕ ಎಲ್ಲವನ್ನೂ ರೋಮನ್ ಲಿಪಿಯಲ್ಲಿ ಬರೆದ ಕ್ರೈಸ್ತರು ಆ ಒಂದು ಪದದಿಂದ ಹೊರಗುಳಿದರು, ಆ ಅಸಮಾಧಾನ ಇವತ್ತಿಗೂ ಆರಿಲ್ಲ. ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಕೊಂಕಣಿ ಓದುವವರಿಗೆ ಇದು ಚೆನ್ನಾಗಿ ಅರ್ಥವಾದೀತು.

ಇಷ್ಟೆಲ್ಲ ನನಗೆ ಮುಖ್ಯವಾಗಲು ಒಂದು ಕಾರಣವಿದೆ. ಕೆಲವು ವರ್ಷಗಳ ಹಿಂದೆ ವಾಸ್ಕೋದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ವಾಸ್ಕೋದಲ್ಲಿ ಕನ್ನಡದವರು ಬಹಳ. ಉತ್ತರ ಕರ್ನಾಟಕದಿಂದ ಗಾರೆ ಕೆಲಸಕ್ಕೆ, ಬಂದರಿನ ಕೂಲಿಗೆ, ಮೀನು ಹೊರಲು ಬಂದು ಅಲ್ಲೇ ಮಕ್ಕಳು ಮರಿ ಮಾಡಿಕೊಂಡವರು. ಘಟ್ಟದ ಆಚೆಯಿಂದ ಬಂದವರಿಗೆ ಅಲ್ಲಿ ‘ಘಾಂಟಿ’ ಎಂಬ ಒಂದು ಪದವಿದೆ. ಅದನ್ನು ಗೌರವದಿಂದ ಯಾರೂ ಆಡುವುದಿಲ್ಲ. ಮನೆ ಮಾಲೀಕರು ಹಿರಿಯರು, ಸಭ್ಯರು. ಚಹಾ ಕೊಟ್ಟರು. ಮಾತಿನ ನಡುವೆ, ನಿಮ್ಮ ಕಡೆಯವರಿಗೆ ಮನೆ ಕೊಡುವುದಿಲ್ಲ, ಗಲೀಜು ಮಾಡುತ್ತಾರೆ, ಬಾಡಿಗೆ ಬಾಕಿ ಉಳಿಸುತ್ತಾರೆ ಎಂದರು. ಪಕ್ಕದ ಓಣಿಯಲ್ಲಿ ಗದಗಿನ ಸಂಸಾರವೊಂದು ಹನ್ನೆರಡು ವರ್ಷದಿಂದ ಒಂದೇ ಮನೆಯಲ್ಲಿದೆ, ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ ಎಂದೆ. ‘ಅವರು ಎಕ್ಸೆಪ್ಷನ್. ನೀವೂ ಎಕ್ಸೆಪ್ಷನ್, ನೋಡಿದರೆ ಗೊತ್ತಾಗುತ್ತೆ’ ಅಂದರು. ಹೊಗಳಿಕೆ ಎಂದೇ ಅವರು ಅಂದುಕೊಂಡಿದ್ದರು. ನನಗೆ ಚಹಾ ಇಳಿಯಲಿಲ್ಲ.

ಕನ್ನಡದಲ್ಲಿ ‘ಅಪವಾದ’ ಎಂಬ ಪದಕ್ಕೆ ಎರಡು ಅರ್ಥ. ಒಂದು, ನಿಯಮಕ್ಕೆ ಹೊರತಾದದ್ದು. ಇನ್ನೊಂದು, ಇಲ್ಲದ ಕಳಂಕ, ಅಪವಾದ ಹೊರಿಸುವುದು ಎನ್ನುತ್ತೇವಲ್ಲ, ಅದು. ಆ ದಿನ ಎರಡೂ ಒಟ್ಟಿಗೆ ನಡೆದವು. ನನ್ನನ್ನು ಮೊದಲ ಅರ್ಥದ ಅಪವಾದ ಮಾಡಿ, ನನ್ನವರೆಲ್ಲರ ಮೇಲೆ ಎರಡನೇ ಅರ್ಥದ ಅಪವಾದ ಹೊರಿಸಿದರು. ಯಾರಾದರೂ ನಿಮಗೆ ಹೀಗಂದರೆ, ಅಥವಾ ನೀವೇ ಯಾರಿಗಾದರೂ ಅನ್ನಲು ಹೊರಟರೆ, ಒಂದು ಪ್ರಶ್ನೆ ಸಾಕು: ಆ ರೂಲ್ ಮಾಡಿದವರು ಯಾರು? ಕಾಯ್ದೆಯೋ, ಅಂಗಡಿಯ ಮಾಲೀಕರೋ, ವ್ಯಾಕರಣವೋ ಆಗಿದ್ದರೆ ಮಾತು ಸರಿ. ಉತ್ತರ ಸಿಗದಿದ್ದರೆ ಅದು ರೂಲ್ ಅಲ್ಲ, ಅಂದಾಜು. ಆಗ ‘ಸಾಮಾನ್ಯವಾಗಿ ಹೀಗೆ, ಆದರೆ ಯಾವಾಗಲೂ ಅಲ್ಲ’ ಎಂದರೆ ಸಾಕು. ಕನ್ನಡದಲ್ಲಿ ಅದು ಚೆನ್ನಾಗಿಯೇ ಕೇಳಿಸುತ್ತದೆ.

ಕೊನೆಯದಾಗಿ, ಗೋವಾಕ್ಕೆ ಹೊರಟವರಿಗೆ ಒಂದು ಮಾತು. ಈ ತರ್ಕವನ್ನು ತಪ್ಪು ಜಾಗದಲ್ಲಿ ಬಳಸಿದರೆ ಜೀವಕ್ಕೇ ಸಂಚಕಾರ. ಕಡಲ ದಂಡೆಯಲ್ಲಿ ‘ಇಲ್ಲಿ ಈಜುವುದು ಅಪಾಯ’ ಎಂಬ ಬೋರ್ಡು ಕಂಡು, ಹಾಗಾದರೆ ಬೋರ್ಡಿಲ್ಲದ ಕಡೆ ಅಪಾಯವಿಲ್ಲ ಎಂದುಕೊಂಡು ನೂರು ಹೆಜ್ಜೆ ಆಚೆ ಹೋಗಿ ನೀರಿಗಿಳಿಯುವವರನ್ನು ನೋಡಿದ್ದೇನೆ. ಅಲೆಗೆ, ಒಳಸೆಳೆತಕ್ಕೆ ನಿಯಮ ಬರೆದವರು ಯಾರೂ ಇಲ್ಲ, ಹಾಗಾಗಿ ಬೋರ್ಡಿನ ಮೌನದಿಂದ ಏನನ್ನೂ ಊಹಿಸುವಂತಿಲ್ಲ. ಬಾವುಟಗಳ ವಿಷಯ ಬೇರೆ. 2008ರಿಂದ ಗೋವಾದ ಪ್ರಮುಖ ಬೀಚುಗಳಲ್ಲಿ ಜೀವರಕ್ಷಕರಿದ್ದಾರೆ. ಕೆಂಪು-ಹಳದಿ ಬಾವುಟಗಳನ್ನು ನೆಟ್ಟು, ಇವುಗಳ ನಡುವೆ ಈಜಿ ಎಂದು ಗುರುತು ಮಾಡುವವರು ಅವರೇ. ಅದು ಪತಂಜಲಿಯ ಐದು ಪ್ರಾಣಿಗಳ ಲೆಕ್ಕ: ಬಾವುಟದ ಆಚೆ ಕೂಡದು. ಬರೀ ಕೆಂಪು ಬಾವುಟ ಹಾರುತ್ತಿದ್ದರೆ, ಮಳೆಗಾಲವಾಗಿದ್ದರೆ, ಸಂಜೆ ಜೀವರಕ್ಷಕರು ಮನೆಗೆ ಹೋದ ಮೇಲೆ, ದಯವಿಟ್ಟು ನೀರಿಗೆ ಇಳಿಯಬೇಡಿ. ಮಕ್ಕಳನ್ನೂ ಬಿಡಬೇಡಿ.